ಹಳೇ ಲಾರಿ, ಆಯಿಲ್ ಕಾಫಿ ಬಣ್ಣ
ಅಪ್ಪನ ಹಳೇ ಲಾರಿಗೆ ಏನಾಗಿದೆ, ಹೇಗೆ ರಿಪೇರಿ ಅಂತ ಕೇಳಿದ್ರಲ್ಲ. ಡಿಪ್‌ಸ್ಟಿಕ್ಕಲ್ಲಿ (ಆಯಿಲ್ ಮಟ್ಟ ನೋಡೋ ಕಡ್ಡಿ) ಹಾಲು ಹಾಕಿದ ಕಾಫಿ ತರ ಆಯಿಲ್, ಹುಲಿಕಲ್ ಘಾಟಿ ಹತ್ತೋವಾಗ ರೇಡಿಯೇಟರ್ ನೀರೂ ಖಾಲಿ ಅಂದ್ರೆ ಹೆಚ್ಚುಕಮ್ಮಿ ಹೆಡ್ ಗ್ಯಾಸ್ಕೆಟ್ಟೇ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಗಿ ನೀರು ಆಯಿಲ್‌ಗೆ ಸೇರ್ತಿರೋದು, ಹೆಡ್ ಕ್ರ್ಯಾಕ್ ಬಿಟ್ಟಿರ್ಲೂಬಹುದು, ಬಿಚ್ಚದೆ ಹೇಳಕ್ಕಾಗಲ್ಲ. ಅಪ್ಪನ ಗಾಡಿ ಅನ್ನೋ ಆಸೆಗೆ ಇನ್ನೊಂದ್ಸಲ ಸ್ಟಾರ್ಟ್ ಮಾತ್ರ ಮಾಡ್ಬೇಡಿ, ಬೇರಿಂಗೂ ಹೋಗುತ್ತೆ. ಎಂಜಿನ್ ಪೂರ್ತಿ ತಣ್ಣಗಾದ್ಮೇಲೆ ನೀರು, ಆಯಿಲ್ ಎರಡೂ ಇಳಿಸಿ. ಹೆಡ್ ಬೋಲ್ಟ್‌ಗಳನ್ನ ಹೊರಗಿಂದ ಒಳಕ್ಕೆ ಸ್ವಲ್ಪ ಸ್ವಲ್ಪನೇ ಸಡಿಲ ಮಾಡಿ, ಪುಶ್ ರಾಡ್‌ಗಳನ್ನ (ವಾಲ್ವ್ ತೆರೆಸೋ ಉದ್ದ ಕಡ್ಡಿಗಳು) ರಟ್ಟಿಗೆ ತೂತು ಹೊಡೆದು ನಂಬರ್ ಬರೆದು ಅದೇ ಸಾಲಲ್ಲಿ ಚುಚ್ಚಿಡಿ, ಇದೊಂದು ಮಾಡದೆ ನಾನು ಇಡೀ ಭಾನುವಾರ ಕಳ್ಕೊಂಡಿದೀನಿ. ಹೆಡ್ಡನ್ನ ಶಿವಮೊಗ್ಗದಲ್ಲಿ ಲೇತಿಗೆ ಕೊಟ್ಟು ಕ್ರ್ಯಾಕ್ ಇದ್ಯಾ ಅಂತ ಪ್ರೆಶರ್ ಟೆಸ್ಟ್ ಮಾಡ್ಸಿ, ಸೊಟ್ಟ ಇದ್ರೆ ಫೇಸಿಂಗ್ (ಮೇಲ್ಮೈ ಸಮ ಮಾಡೋದು) ಮಾಡ್ಸಿ. ವಾಪಸ್ ಕೂರಿಸೋವಾಗ ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟ್‌ಗಳನ್ನ ನಡುವಿಂದ ಹೊರಕ್ಕೆ, ಮ್ಯಾನುಯಲ್ಲಲ್ಲಿರೋ ಲೆಕ್ಕಕ್ಕೆ, ಟಾರ್ಕ್ ರೆಂಚಲ್ಲೇ (ಎಷ್ಟು ಬಿಗಿ ಆಯ್ತು ಅಂತ ತೋರಿಸೋ ಪಾನಾ) ಟೈಟ್ ಮಾಡಿ.