ದೋರಸಮುದ್ರ ಎಂಬ ಫೈಲನ್ನು ಹುಡುಕುವ ಕೋಡ್

ಪ್ರಶ್ನೆ: ಬೇಲೂರು, ಹಳೇಬೀಡು, ಹಲ್ಮಿಡಿಯ ಶಾಸನಗಳ ಚಿತ್ರಗಳನ್ನು ಕೂಡಿಡಲು ನಮ್ಮ ತಂಡ ಫ್ಯೂಸ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಅನ್ನು ಮುಟ್ಟದೆ, ಸಾಮಾನ್ಯ ಪ್ರೋಗ್ರಾಮ್ ಆಗಿಯೇ ಫೈಲ್ ಸಿಸ್ಟಮ್ ಬರೆಯಲು ಬಿಡುವ ಸೌಲಭ್ಯ) ಬಳಸಿ ಒಂದು ಚಿಕ್ಕ ಫೈಲ್ ಸಿಸ್ಟಮ್ ಬರೆಯುತ್ತಿದೆ. ಹೆಸರನ್ನು ಕ್ಯಾಪಿಟಲ್ ಅಕ್ಷರದಲ್ಲಿ ಕೇಳಿದರೂ ಸ್ಮಾಲ್ ಅಕ್ಷರದಲ್ಲಿ ಕೇಳಿದರೂ ಅದೇ ಫೈಲ್ ಸಿಗಬೇಕು. ಸಹೋದ್ಯೋಗಿಯೊಬ್ಬರು ಎರಡೂ ಹೆಸರುಗಳನ್ನು ಸ್ಮಾಲ್ ಅಕ್ಷರಕ್ಕೆ ತಂದು ಹೋಲಿಸಿದ್ದಾರೆ, ಪರೀಕ್ಷೆಗಳೆಲ್ಲ ಪಾಸಾಗಿವೆ. ಪರಿಶೀಲಿಸುವಾಗ ನಾನು ಏನನ್ನು ನೋಡಬೇಕು? ಕನ್ನಡದ ಹೆಸರುಗಳಿಗೆ ಈ ತೊಡಕು ಇಲ್ಲವಲ್ಲವೇ? — ಓದುಗರು, ಹಾಸನ

ಉತ್ತರ: ಹೋಲಿಸುವ ಫಂಕ್ಷನ್ ಒಂದನ್ನೇ ಓದಿ ಒಪ್ಪಿಗೆ ಕೊಡಬೇಡಿ. ಎರಡು ಹೆಸರುಗಳು ಒಂದೇ ಎಂದು ತೀರ್ಮಾನಿಸುವ ಜಾಗಗಳು ಇಂಥ ಕೋಡಿನಲ್ಲಿ ಹಲವಿರುತ್ತವೆ. ಅವೆಲ್ಲವೂ ಒಂದೇ ನಿಯಮಕ್ಕೆ ಬದ್ಧವಾಗಿವೆಯೇ ಎಂದು ನೋಡುವುದೇ ನಿಮ್ಮ ಮುಖ್ಯ ಕೆಲಸ.

ಮೊದಲು ಹ್ಯಾಶ್ ನೋಡಿ. ಡೈರೆಕ್ಟರಿ ದೊಡ್ಡದಾದಾಗ ಹೆಸರುಗಳನ್ನು ಒಂದೊಂದಾಗಿ ಹೋಲಿಸುವ ಬದಲು ಹೆಸರಿನಿಂದ ಹ್ಯಾಶ್ (ಹೆಸರಿನ ಬೈಟ್‌ಗಳಿಂದ ಬರುವ ಒಂದು ಸಂಖ್ಯೆ) ಲೆಕ್ಕ ಹಾಕಿ, ಆ ಹ್ಯಾಶ್ ಇರುವ ಗುಂಪಿನಲ್ಲಿ ಮಾತ್ರ ಹುಡುಕುವುದು ರೂಢಿ. ಹ್ಯಾಶನ್ನು ಮೂಲ ಹೆಸರಿನಿಂದಲೇ ತೆಗೆದಿದ್ದರೆ, ಕ್ಯಾಪಿಟಲ್‌ನಲ್ಲಿ ಬರೆದ ಹೆಸರು ಬೇರೆ ಗುಂಪಿಗೆ ಹೋಗುತ್ತದೆ ಮತ್ತು ನಿಮ್ಮ ಸಹೋದ್ಯೋಗಿಯ ಹೋಲಿಕೆ ಸರಿಯಾಗಿದ್ದರೂ ಅದನ್ನು ಕರೆಯುವ ಸಂದರ್ಭವೇ ಬರುವುದಿಲ್ಲ. ಹತ್ತು ಫೈಲುಗಳ ಪರೀಕ್ಷೆಯಲ್ಲಿ ಈ ದೋಷ ಅಡಗಿ ಕುಳಿತಿರಬಹುದು. ಸಾವಿರಾರು ಫೈಲುಗಳಿಟ್ಟು ನೋಡಿ.

ಎರಡನೆಯದು, ‘ಉದ್ದ ಬೇರೆಯಾದರೆ ಹೆಸರೂ ಬೇರೆ’ ಎಂದು ಮೊದಲಲ್ಲೇ ಹಿಂದಿರುಗುವ ಸಾಲು. ಇಂಗ್ಲಿಷಿನ 26 ಅಕ್ಷರಗಳಷ್ಟೇ ಇದ್ದರೆ ಅದು ಸರಿ. ಆದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡ್‌ನ ಕೆಲ್ವಿನ್ ಚಿಹ್ನೆ, ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ 3 ಬೈಟ್ ಇದ್ದು, ಅದರ ಸ್ಮಾಲ್ ರೂಪವಾದ ಇಂಗ್ಲಿಷಿನ ‘ಕೆ’ ಒಂದೇ ಬೈಟ್ ಆಗಿದೆ. ಉದ್ದ ಬೇರೆಯಾದರೂ ಹೆಸರು ಒಂದೇ ಆಗಿರಬಹುದು.

ಕನ್ನಡಕ್ಕೆ ತೊಡಕಿಲ್ಲ ಎಂಬ ನಿಮ್ಮ ನಂಬಿಕೆಯೂ ಇಲ್ಲೇ ಬಿದ್ದುಹೋಗುತ್ತದೆ. ನಮ್ಮಲ್ಲಿ ಕ್ಯಾಪಿಟಲ್ ಅಕ್ಷರವಿಲ್ಲ, ನಿಜ. ಆದರೆ ಹಳೇಬೀಡಿನ ಹಳೆಯ ಹೆಸರಾದ ‘ದೋರಸಮುದ್ರ’ದ ‘ದೋ’ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘ ಚಿಹ್ನೆ ಎಂಬ ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಡಿಸ್ಕ್‌ನಲ್ಲಿ ‘ದೋ’ ಒಮ್ಮೆ 6 ಬೈಟ್, ಇನ್ನೊಮ್ಮೆ 12 ಬೈಟ್. ಆದ್ದರಿಂದ ಹೋಲಿಕೆಗೂ ಹ್ಯಾಶ್‌ಗೂ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಬೇಕು. ‘ಸಾಫ್ಟ್‌ವೇರ್’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯುವ ಕಣ್ಣಿಗೆ ಕಾಣದ ಅಕ್ಷರವನ್ನು ಕಡೆಗಣಿಸಬೇಕೇ ಎಂಬುದನ್ನೂ ಈಗಲೇ ನಿರ್ಧರಿಸಿ. ಕೀಲಿಮಣೆಯಿಂದ ಕೀಲಿಮಣೆಗೆ ಅದರ ಬಳಕೆ ಬದಲಾಗುವುದರಿಂದ ಕಡೆಗಣಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಲಿನಕ್ಸ್ ಕರ್ನಲ್‌ನಲ್ಲಿ ಇಂಥ ಅಕ್ಷರಗಳನ್ನು ಕಡೆಗಣಿಸುವ ನಿಯಮವನ್ನು 2024ರಲ್ಲಿ ಬದಲಿಸಿದಾಗ, ಹಳೆಯ ನಿಯಮದಂತೆ ಡಿಸ್ಕ್‌ಗೆ ಬರೆದಿದ್ದ ಹ್ಯಾಶ್‌ಗಳು ಹೊಸ ನಿಯಮಕ್ಕೆ ಹೊಂದದೆ ಇದ್ದ ಫೈಲುಗಳೇ ಸಿಗದಂತಾಗಿ, ಅದೇ ವರ್ಷ ಆ ಬದಲಾವಣೆಯನ್ನು ಹಿಂತೆಗೆಯಬೇಕಾಯಿತು.

ಕ್ಯಾಶ್ (ಹಿಂದಿನ ಉತ್ತರಗಳನ್ನು ನೆನಪಿಟ್ಟುಕೊಳ್ಳುವ ಜಾಗ) ವಿಷಯದಲ್ಲೂ ಎಚ್ಚರ ಬೇಕು. ಕ್ಯಾಪಿಟಲ್ ಹೆಸರಿನಲ್ಲಿ ಹುಡುಕಿದಾಗ ಬಂದ ‘ಇಲ್ಲ’ ಎಂಬ ಉತ್ತರವನ್ನು ಕರ್ನಲ್ ನೆನಪಿಟ್ಟುಕೊಂಡರೆ, ಅನಂತರ ಸ್ಮಾಲ್ ಹೆಸರಿನಲ್ಲಿ ಫೈಲ್ ಸೃಷ್ಟಿಯಾದರೂ ಮೊದಲಿನವರಿಗೆ ‘ಇಲ್ಲ’ ಎಂದೇ ಉತ್ತರ ಹೋಗುತ್ತದೆ. ಫ್ಯೂಸ್‌ನ ನೆಗೆಟಿವ್ ಟೈಮ್‌ಔಟ್ (‘ಇಲ್ಲ’ ಎಂಬ ಉತ್ತರವನ್ನು ನೆನಪಿಡುವ ಅವಧಿ) ಸೊನ್ನೆಯಲ್ಲಿದೆಯೇ ನೋಡಿ.

ಲೈಬ್ರರಿಯ ಸ್ಮಾಲ್ ಅಕ್ಷರದ ಫಂಕ್ಷನ್ ಕಂಪ್ಯೂಟರಿನ ಭಾಷಾ ಸೆಟ್ಟಿಂಗನ್ನು ಅವಲಂಬಿಸಿದ್ದರೆ ಅದನ್ನು ತೆಗೆಸಿ. ಟರ್ಕಿಶ್ ಸೆಟ್ಟಿಂಗ್‌ನಲ್ಲಿ ಇಂಗ್ಲಿಷಿನ ‘ಐ’ ಅಕ್ಷರದ ಕ್ಯಾಪಿಟಲ್-ಸ್ಮಾಲ್ ಜೋಡಿಯೇ ಬೇರೆ. ಕ್ಯಾಪಿಟಲ್-ಸ್ಮಾಲ್ ಭೇದವಿಲ್ಲದೆ ಹುಡುಕುವ ಸೌಲಭ್ಯ ಲಿನಕ್ಸ್‌ನ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್‌ಗೆ 2019ರಲ್ಲಿ, ಕರ್ನಲ್‌ನ 5.2ನೇ ಆವೃತ್ತಿಯೊಂದಿಗೆ, ಬಂತು; ಅದನ್ನು ಖಾಲಿ ಡೈರೆಕ್ಟರಿಗೆ ಮಾತ್ರ ಹಚ್ಚಬಹುದು. ತುಂಬಿದ ಡೈರೆಕ್ಟರಿಯಲ್ಲಿ ಹೆಸರಿನಲ್ಲಿ ಕ್ಯಾಪಿಟಲ್-ಸ್ಮಾಲ್ ಭೇದ ಮಾತ್ರ ಇರುವ ಎರಡು ಫೈಲುಗಳು ಆಗಲೇ ಇದ್ದರೆ ಯಾವುದನ್ನು ಕೊಡಬೇಕೆಂದು ಹೇಳಲಾಗದು. ನಿಮ್ಮಲ್ಲೂ ಅದೇ ನಿರ್ಬಂಧವಿರಲಿ.

ಸದ್ಯಕ್ಕೆ ಕೋಡನ್ನು ಹಿಂದಿರುಗಿಸಿ, ಯಾವ ಅಕ್ಷರಕ್ಕೆ ಯಾವುದು ಸಮ ಎಂದು ಹೇಳುವ ಯುನಿಕೋಡ್ ಪಟ್ಟಿಯ ಆವೃತ್ತಿಯನ್ನು ಡಿಸ್ಕ್‌ನಲ್ಲೇ ಬರೆದಿಡುವಂತೆ ಸಹೋದ್ಯೋಗಿಗೆ ತಿಳಿಸಿ. ಮೊದಲ ಹೊಸ ಪರೀಕ್ಷೆ ‘ದೋರಸಮುದ್ರ’ದ್ದಾಗಲಿ: ಒಂದು ರೂಪದಲ್ಲಿ ಉಳಿಸಿ, ಇನ್ನೊಂದು ರೂಪದಲ್ಲಿ ತೆರೆಯಿರಿ.