ಇರಿಡೇಟ್ ಲ್ಯಾಬ್‌ಗೆ ಹೊಸದಾಗಿ ಬಂದವರಿಗೆ

ಹೊರದೇಶಕ್ಕೆ ಬಂದು ಎರಡು ತಿಂಗಳಾಯ್ತು, ಗೈಡ್ ಸ್ಟ್ರಾನ್ಷಿಯಂ ಇರಿಡೇಟ್ (ಸ್ಟ್ರಾನ್ಷಿಯಂ, ಇರಿಡಿಯಂ, ಆಕ್ಸಿಜನ್ ಸೇರಿದ ಹರಳು) ಡೋಪ್ ಮಾಡಲು, ಅಂದರೆ ಅದಕ್ಕೆ ಬೇರೆ ಧಾತು ಚೂರು ಬೆರೆಸಲು ಹೇಳಿದ್ದಾರೆ, ಒಂದೂ ಹರಳು ಲೋಹದಂತೆ ವಿದ್ಯುತ್ ಹರಿಸುತ್ತಿಲ್ಲ, ಇಲ್ಲಿ ಬದುಕು ಹೀಗೇನಾ ಅಂತ ಕೇಳಿದ್ದೀರಿ. ನಾನು ಬಂದು ಹನ್ನೆರಡು ವರ್ಷವಾಯ್ತು. ಶುರು ಮಾಡಿದ್ದೂ ಇದೇ ಹರಳಿನಿಂದ. ಮನೆ, ಊಟ, ಭಾಷೆ ಎಲ್ಲ ನಿಧಾನಕ್ಕೆ ಒಗ್ಗಿಹೋಗುತ್ತವೆ. ನಿದ್ದೆ ಕೆಡಿಸುವುದು ಲ್ಯಾಬ್, ಅಲ್ವಾ? ಅದನ್ನೇ ಹೇಳುತ್ತೇನೆ.

ಈ ವಸ್ತು ಇನ್ಸುಲೇಟರ್ (ವಿದ್ಯುತ್ ಹರಿಸದ್ದು) ಆಗಿರುವುದೇ ಸೋಜಿಗ. ಇರಿಡಿಯಂನ 5ಡಿ ಎಂಬ ಹೊರಕಕ್ಷೆಯ ಎಲೆಕ್ಟ್ರಾನ್‌ಗಳ ನಡುವಿನ ತಳ್ಳಾಟ ಅಷ್ಟೇನೂ ಜೋರಿಲ್ಲ. ಆದರೆ ಸ್ಪಿನ್-ಆರ್ಬಿಟ್ ಜೋಡಣೆ (ಎಲೆಕ್ಟ್ರಾನ್‌ನ ಸ್ಪಿನ್ ಅದರ ಕಕ್ಷೆಯ ಚಲನೆಗೆ ತಳುಕಿಕೊಳ್ಳುವುದು) ಬ್ಯಾಂಡನ್ನು, ಅಂದರೆ ಎಲೆಕ್ಟ್ರಾನ್‌ಗಳಿಗೆ ಸಿಗುವ ಶಕ್ತಿಯ ಪಟ್ಟಿಯನ್ನು, ಸೀಳಿ ಕಿರಿದು ಮಾಡುತ್ತದೆ. ಆಮೇಲೆ ಎಲೆಕ್ಟ್ರಾನ್‌ಗಳನ್ನು ನಿಂತಲ್ಲೇ ನಿಲ್ಲಿಸಲು ಅಷ್ಟು ತಳ್ಳಾಟವೇ ಸಾಕು. 2008ರಲ್ಲಿ ಈ ಚಿತ್ರ ಸ್ಪಷ್ಟವಾಯಿತು. ಸುಮಾರು 240 ಕೆಲ್ವಿನ್‌ಗಿಂತ ಕೆಳಗೆ ಇದು ಆಂಟಿಫೆರೋಮ್ಯಾಗ್ನೆಟ್, ಅಂದರೆ ಪಕ್ಕಪಕ್ಕದ ಸ್ಪಿನ್‌ಗಳು ಒಂದಕ್ಕೊಂದು ಎದುರು ದಿಕ್ಕಿಗೆ ನಿಲ್ಲುತ್ತವೆ. ತಾಮ್ರದ ಆಕ್ಸೈಡ್‌ಗಳನ್ನು ಎಷ್ಟು ಹೋಲುತ್ತದೆ ಅಂದರೆ, ಡೋಪ್ ಮಾಡಿದರೆ ಅವುಗಳಂತೆ ಇದೂ ಸೂಪರ್‌ಕಂಡಕ್ಟರ್ (ರೆಸಿಸ್ಟೆನ್ಸ್ ಅಂದರೆ ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ವಸ್ತು) ಆದೀತು ಅಂತ ಎಲ್ಲರಿಗೂ ಆಸೆ. 2014ರಲ್ಲಿ ಮೇಲ್ಮೈಗೆ ಪೊಟ್ಯಾಸಿಯಂ ಹಾಕಿ ನೋಡಿದಾಗ, ತಾಮ್ರದ ಆಕ್ಸೈಡ್‌ಗಳಲ್ಲಿ ಕಾಣುವಂಥ ಫರ್ಮಿ ಆರ್ಕ್‌ಗಳು (ಎಲೆಕ್ಟ್ರಾನ್‌ಗಳ ನಕ್ಷೆಯಲ್ಲಿ ತುಂಡಾದ ಕಮಾನುಗಳು) ಕಂಡವು. ಹರಳಿನ ಒಳಗೆ ರೆಸಿಸ್ಟೆನ್ಸ್ ಸೊನ್ನೆಯಾದ ಗಟ್ಟಿ ಪುರಾವೆ ಮಾತ್ರ ಇನ್ನೂ ಇಲ್ಲ.

ನನ್ನ ಮೊದಲ ವರ್ಷ, ಸ್ಟ್ರಾನ್ಷಿಯಂ ಜಾಗಕ್ಕೆ ಸೇರಿ ಎಲೆಕ್ಟ್ರಾನ್ ಕೊಡುವ ಲ್ಯಾಂಥನಮ್ ಐದು ಪರ್ಸೆಂಟ್ ಲೆಕ್ಕ ಹಾಕಿ, ತೂಕ ಮಾಡಿ, ಪ್ಲಾಟಿನಂ ಕ್ರೂಸಿಬಲ್‌ನಲ್ಲಿಟ್ಟೆ (ಕರಗಿಸುವ ಪಾತ್ರೆ). ಫ್ಲಕ್ಸನ್ನು (ಹರಳು ಬೆಳೆಯಲು ಜೊತೆಗೆ ಕರಗಿಸುವ ಉಪ್ಪು) ನೀರಿನಲ್ಲಿ ತೊಳೆದಾಗ ಹೊಳೆಯುವ ಕರಿ ತಟ್ಟೆಗಳು ಸಿಕ್ಕವು. ಎಷ್ಟು ಖುಷಿಯಾಗಿತ್ತು! ಲೋಹವಾದರೆ ತಣ್ಣಗೆ ಮಾಡಿದಾಗ ರೆಸಿಸ್ಟೆನ್ಸ್ ಇಳಿಯಬೇಕು, ಇದರಲ್ಲಿ ಸುಮ್ನೆ ಏರುತ್ತಲೇ ಹೋಯ್ತು. ನಾನೇ ದಡ್ಡ, ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಎರಡು ತಿಂಗಳು ಬಾಯಿ ಬಿಡಲಿಲ್ಲ. ಕೊನೆಗೆ ಗುಂಪಿನ ಮೀಟಿಂಗ್‌ನಲ್ಲಿ ಗ್ರಾಫ್ ತೋರಿಸಿದೆ. ಪಕ್ಕದ ಮೇಜಿನವಳು, "ಒಳಗೆ ಎಷ್ಟು ಹೋಗಿದೆ ಅಂತ ಅಳೆದೆಯಾ?" ಅಂದಳು. ಎಕ್ಸ್-ರೇಯಲ್ಲಿ ಅಳೆದರೆ ಹಾಕಿದ್ದರಲ್ಲಿ ಅರ್ಧವೂ ಸೇರಿರಲಿಲ್ಲ. ಒಂದೇ ಕ್ರೂಸಿಬಲ್‌ನ ಎರಡು ಹರಳುಗಳಿಗೆ ಎರಡು ಲೆಕ್ಕ.

ಹಾಗಾಗಿ ರೆಸಿಸ್ಟೆನ್ಸ್ ಅಳೆದ ಅದೇ ಹರಳಿನಲ್ಲಿ ಲ್ಯಾಂಥನಮ್ ಎಷ್ಟಿದೆ ನೋಡಿ. ಪಕ್ಕದ್ದರಲ್ಲಲ್ಲ. ಆಕ್ಸಿಜನ್ ಕಮ್ಮಿಯಾದರೂ ಎಲೆಕ್ಟ್ರಾನ್ ಜಾಸ್ತಿಯಾಗುತ್ತದೆ, ಅದನ್ನೂ ಮರೆಯಬೇಡಿ. ರೋಡಿಯಂ ಹಾಕುವ ದಿನ ಬಂದರೆ ಇನ್ನೂ ಎಚ್ಚರ ಬೇಕು. ಇರಿಡಿಯಂನ ಗುಂಪಿನದೇ, ಚಾರ್ಜ್ ಬದಲಾಗಲ್ಲ ಅನಿಸುತ್ತದೆ. ಅದು ಮೆಲ್ಲಗೆ ಒಂದು ಎಲೆಕ್ಟ್ರಾನ್ ಹಿಡಿದುಕೊಂಡು, ಇರಿಡಿಯಂ ಮೇಲೆ ಹೋಲ್ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗ) ಬಿಟ್ಟುಬಿಡುತ್ತದೆ.

ಮುಂದಿನ ಮೀಟಿಂಗ್‌ಗೆ ಕೆಟ್ಟ ಗ್ರಾಫನ್ನೇ ತೆಗೆದುಕೊಂಡು ಹೋಗಿ. ನನಗೂ ಒಂದು ಕಳಿಸಿ, ಯಾವ ಹರಳು ಅಂತ ಮೇಲೆ ಬರೆದು.