ಲಿನಕ್ಸ್, ಫ್ರೀಬಿಎಸ್‌ಡಿ, ವಿಂಡೋಸ್ ಮೂರಕ್ಕೂ ಡಿಸ್ಕ್ ಕೋಟಾ (ಒಬ್ಬೊಬ್ಬ ಯೂಸರ್‌ಗೆ ಇಟ್ಟ ಜಾಗದ ಮಿತಿ) ನೋಡೋಕೆ, ಬದಲಿಸೋಕೆ ಒಂದೇ ಲೈಬ್ರರಿ ಇದೆಯಾ?

ಮೂರಕ್ಕೂ ಒಂದೇ ಬೇಕು ಅಂದರೆ, ಹುಡುಕುತ್ತಾ ಕೂರಬೇಡಿ. ಯೂನಿಕ್ಸ್ ಕಡೆಗೆ (ಲಿನಕ್ಸ್, ಫ್ರೀಬಿಎಸ್‌ಡಿ) ಮಾತ್ರ ಸಾಕು ಅಂದರೆ ಪರ್ಲ್‌ನ ಕೋಟಾ ಮಾಡ್ಯೂಲ್ ಹಾಕಿಕೊಳ್ಳಿ, ಪರ್ಲ್ ಮಾಡ್ಯೂಲ್‌ಗಳ ಭಂಡಾರ ಸಿಪ್ಯಾನ್‌ನಲ್ಲಿದೆ. ಪರ್ಲಾ ಅಂತ ಮೂಗು ಮುರಿಯಬೇಡಿ. ನಾನು ನೋಡಿಕೊಳ್ಳುವ ಸರ್ವರ್‌ಗಳಲ್ಲಿ ಉಳಿದ ಸ್ಕ್ರಿಪ್ಟ್‌ಗಳೆಲ್ಲ ಪೈಥಾನ್‌ಗೆ ಬಂದಿವೆ, ಕೋಟಾದ್ದು ಮಾತ್ರ ಪರ್ಲ್‌ನಲ್ಲೇ ಇದೆ, ಬದಲಿಸುವ ಯೋಚನೆಯೂ ಇಲ್ಲ.

ಪೈಥಾನ್‌ನ ಪಿಎಸ್‌ಯುಟಿಲ್ ಸಾಲದಾ ಅಂತ ಕೇಳಿದ್ದೀರಿ. ಸಾಲದು. ಅದು ಹೇಳುವುದು ಇಡೀ ಡಿಸ್ಕ್ ಎಷ್ಟು ತುಂಬಿದೆ ಅಂತ. ಒಬ್ಬ ಯೂಸರ್‌ನ ಮಿತಿ ಎಷ್ಟು ಅನ್ನೋದರ ಗೊಡವೆಗೇ ಅದು ಹೋಗುವುದಿಲ್ಲ. ಡಿಸ್ಕ್‌ನಲ್ಲಿ ಎಷ್ಟೇ ಜಾಗ ಖಾಲಿ ಇರಲಿ, ಕೋಟಾ ಮುಗಿದವರಿಗೆ 'ಡಿಸ್ಕ್ ಕೋಟಾ ಎಕ್ಸೀಡೆಡ್' ಅಂತಲೇ ಬರುತ್ತದೆ ಅಲ್ವಾ.

ಸುಮ್ನೆ ಸಿಸ್ಟಮ್ ಕಾಲ್ (ಕರ್ನೆಲ್‌ಗೆ ನೇರ ಕೋರಿಕೆ) ಮಾಡಿದರೆ ಆಯ್ತಲ್ಲ ಅನಿಸಬಹುದು. ಲಿನಕ್ಸ್‌ನಲ್ಲೂ ಫ್ರೀಬಿಎಸ್‌ಡಿಯಲ್ಲೂ ಕೋಟಾಸಿಟಿಎಲ್ ಅಂತಲೇ ಅದರ ಹೆಸರು, ಆದರೆ ಹೋಲಿಕೆ ಹೆಸರಿಗಷ್ಟೇ. ಲಿನಕ್ಸ್ ಡಿವೈಸ್ ಯಾವುದು ಅಂತ ಕೇಳುತ್ತದೆ, ಫ್ರೀಬಿಎಸ್‌ಡಿಗೆ ಆ ಫೈಲ್‌ಸಿಸ್ಟಮ್ ಒಳಗಿನ ಯಾವುದಾದರೂ ಪಾತ್ ಕೊಡಬೇಕು. ಸೊಲಾರಿಸ್ ಅನ್ನೋ ಇನ್ನೊಂದು ಯೂನಿಕ್ಸ್‌ನ ಯುಎಫ್‌ಎಸ್ ಫೈಲ್‌ಸಿಸ್ಟಮ್‌ನಲ್ಲಿ ಇನ್ನೊಂದು ರಗಳೆ: ಕೋಟಾಸ್ ಅನ್ನೋ ಫೈಲ್ ತೆರೆದು ಅದರ ಮೇಲೆ ಐಯಾಕ್ಟಲ್ ಅನ್ನೋ ಬೇರೆ ಸಿಸ್ಟಮ್ ಕಾಲ್ ಮಾಡಬೇಕು.

ನಿಜವಾಗಿ ತಲೆ ಕೆಡಿಸುವುದು ಯೂನಿಟ್‌ಗಳು. ಲಿನಕ್ಸ್‌ನ ಸ್ಟ್ರಕ್ಟ್ (ಆ ಕಾಲ್ ಕೊಡುವ ಮಾಹಿತಿಯ ಕಟ್ಟು) ತೆಗೆದು ನೋಡಿ, ಸಾಫ್ಟ್ ಲಿಮಿಟ್ (ಸ್ವಲ್ಪ ದಿನ ದಾಟಬಹುದಾದ ಮಿತಿ), ಹಾರ್ಡ್ ಲಿಮಿಟ್ (ದಾಟಲಾಗದ ಮಿತಿ) ಎರಡೂ 1024 ಬೈಟ್‌ನ ಬ್ಲಾಕ್‌ಗಳಲ್ಲಿರುತ್ತವೆ, ಅದೇ ಸ್ಟ್ರಕ್ಟ್‌ನಲ್ಲಿ ಈವರೆಗೆ ಬಳಸಿದ ಜಾಗ ಮಾತ್ರ ಬೈಟ್‌ಗಳಲ್ಲಿ! ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್‌ಗೆ ಅದರದೇ ಬೇರೆ ಕಮಾಂಡ್‌ಗಳಿವೆ, ಅಲ್ಲಿ ಬ್ಲಾಕ್ ಅಂದರೆ 512 ಬೈಟ್. ಹಾಗಾಗಿ ಮಿತಿ ಅಂತ 1048576 ಬರೆದರೆ ಇಎಕ್ಸ್‌ಟಿ4ನಲ್ಲಿ 1 ಜಿಬಿ, ಎಕ್ಸ್‌ಎಫ್‌ಎಸ್ ಕಮಾಂಡ್‌ನಲ್ಲಿ ಅದರ ಅರ್ಧ. ಎರರ್ ಏನೂ ಬರುವುದಿಲ್ಲ, ಯೂಸರ್ ಫೋನ್ ಮಾಡಿದಾಗಲೇ ಗೊತ್ತಾಗುವುದು.

ಪರ್ಲ್‌ನ ಈ ಕೋಟಾ ಮಾಡ್ಯೂಲ್ ಎಲ್ಲವನ್ನೂ ಕೆಬಿಗೆ ತಂದು ಕೊಡುತ್ತದೆ. ಮೊದಲು ಗೆಟ್‌ಕ್ಯೂಸಿಆರ್ಗ್ ಫಂಕ್ಷನ್‌ಗೆ ಪಾತ್ ಕೊಡಿ, ಆ ಸಿಸ್ಟಮ್‌ಗೆ ಏನು ಬೇಕೋ ಅದನ್ನು ಅದೇ ಹುಡುಕುತ್ತದೆ. ಅದನ್ನು ಕ್ವೆರಿಗೆ ಕೊಟ್ಟರೆ 8 ಸಂಖ್ಯೆ ವಾಪಸ್ ಬರುತ್ತವೆ: ಬಳಸಿದ ಜಾಗ, ಸಾಫ್ಟ್, ಹಾರ್ಡ್, ಸಾಫ್ಟ್ ದಾಟಿದ್ದರೆ ಗ್ರೇಸ್ (ಕೊಟ್ಟಿರುವ ಕಾಲಾವಕಾಶ) ಯಾವಾಗ ಮುಗಿಯುತ್ತದೆ ಅನ್ನೋದು, ಆಮೇಲೆ ಇದೇ ನಾಲ್ಕು ಐನೋಡ್ (ಅಂದರೆ ಫೈಲ್‌ಗಳ ಸಂಖ್ಯೆ) ಲೆಕ್ಕದಲ್ಲಿ. ಐನೋಡ್ ನಾಲ್ಕನ್ನು ಬಿಟ್ಟುಬಿಡಬೇಡಿ, ಸಣ್ಣ ಸಣ್ಣ ಫೈಲ್ ಜಾಸ್ತಿ ಇರುವ ಮೇಲ್ ಸರ್ವರ್‌ನಲ್ಲಿ ಮೊದಲು ಮುಗಿಯುವುದು ಅದೇ. ಮಿತಿ ಬದಲಿಸಲು ಸೆಟ್‌ಕ್ಯೂಲಿಮ್. ಎನ್‌ಎಫ್‌ಎಸ್ ಮೌಂಟ್ (ನೆಟ್‌ವರ್ಕ್ ಮೇಲೆ ಬೇರೆ ಸರ್ವರ್‌ನ ಡಿಸ್ಕ್) ಆದರೆ ಕ್ವೆರಿ ಆರ್‌ಪಿಸಿ (ದೂರದ ಯಂತ್ರದಲ್ಲಿ ಫಂಕ್ಷನ್ ಕರೆಯುವ ವಿಧಾನ) ಮೂಲಕ ಸರ್ವರ್‌ನ ಆರ್‌ಕೋಟಾಡಿ ಅನ್ನೋ ಕೋಟಾ ಸೇವೆಯನ್ನು ಕೇಳಿಕೊಂಡು ಬರುತ್ತದೆ. ಆದರೆ ಮಿತಿ ಬದಲಿಸುವ ಕೆಲಸವನ್ನು ಆ ಸರ್ವರ್ ಮೇಲೇ ಮಾಡಬೇಕು.

ವಿಂಡೋಸ್‌ಗೆ ಬೇರೆಯೇ ಕೋಡ್ ಬರೆಯಿರಿ, ಅದರ ಫೈಲ್‌ಸಿಸ್ಟಮ್ ಎನ್‌ಟಿಎಫ್‌ಎಸ್‌ನ ಲೋಕವೇ ಬೇರೆ. ಅಲ್ಲಿ ಐಡಿಸ್ಕ್‌ಕೋಟಾಕಂಟ್ರೋಲ್ ಅನ್ನೋ ಕಾಮ್ (ವಿಂಡೋಸ್‌ನ ಕಾಂಪೊನೆಂಟ್ ವ್ಯವಸ್ಥೆ) ಇಂಟರ್‌ಫೇಸ್ ಇದೆ. ಯೂಸರ್‌ನ ಗುರುತಿಗೆ ಯೂನಿಕ್ಸ್‌ನ ಯುಐಡಿ ಬದಲು ಎಸ್‌ಐಡಿ. ಗ್ರೂಪ್ ಕೋಟಾ ಇಲ್ಲ, ಗ್ರೇಸ್ ಇಲ್ಲ, ಐನೋಡ್ ಲೆಕ್ಕ ಇಲ್ಲ. ಥ್ರೆಶೋಲ್ಡ್ ಅಂತ ಇದೆ, ಅದು ಬರೀ ಎಚ್ಚರಿಕೆಗೆ, ಸಾಫ್ಟ್ ಲಿಮಿಟ್ ಅಂದುಕೊಳ್ಳಬೇಡಿ. ಕಂಪ್ರೆಸ್ ಮಾಡಿದ ಫೈಲ್ ಆದರೂ ಪೂರ್ತಿ ಗಾತ್ರವನ್ನೇ ಲೆಕ್ಕ ಹಿಡಿಯುತ್ತದೆ. ಇನ್ನೊಂದು: ಯೂನಿಕ್ಸ್‌ನಲ್ಲಿ ಮಿತಿ 0 ಅಂದರೆ ಮಿತಿಯೇ ಇಲ್ಲ ಅಂತ, ಇಲ್ಲಿ ಅದಕ್ಕೆ -1 ಬರೆಯಬೇಕು.

ಎಕ್ಸ್‌ಎಫ್‌ಎಸ್ ಆದರೆ ಮೌಂಟ್ ಮಾಡುವಾಗಲೇ ಯುಕೋಟಾ ಆಪ್ಷನ್ ಕೊಟ್ಟಿದ್ದೀರಾ ಅಂತ ನೋಡಿಕೊಳ್ಳಿ, ರೀಮೌಂಟ್ ಮಾಡಿ ಸೇರಿಸೋಕೆ ಬರುವುದಿಲ್ಲ. ಝಡ್‌ಎಫ್‌ಎಸ್ ಅನ್ನೋ ಫೈಲ್‌ಸಿಸ್ಟಮ್ ಇದ್ದರೆ ಯೂಸರ್ ಕೋಟಾ ಡೇಟಾಸೆಟ್‌ನ ಪ್ರಾಪರ್ಟಿಯಾಗಿ ಇರುತ್ತದೆ, ಝಡ್‌ಎಫ್‌ಎಸ್ ಕಮಾಂಡ್ ಕರೆಯುವುದೇ ಸುಲಭ. ನಿಮ್ಮ ಫ್ರೀಬಿಎಸ್‌ಡಿ ಮೇಲೆ ಇರುವುದು ಯುಎಫ್‌ಎಸ್ಸಾ ಝಡ್‌ಎಫ್‌ಎಸ್ಸಾ, ಪ್ರಶ್ನೆಯಲ್ಲಿ ಬರೆದಿಲ್ಲ ನೀವು.